ಅಮ್ಮನ ಸಾಲು

ಫೆಬ್ರವರಿ ೯

ಮರಿ,

ಇನ್ನು ಮುಂದೆ ಕಾಗದ ಬರೆಯೋಣ ಎಂದುಕೊಂಡಿದ್ದೇನೆ. ಫೋನಿನಲ್ಲಿ ನಾನು "ಊಟ ಆಯ್ತಾ" ಅನ್ನುತ್ತೇನೆ, ನೀನು "ಆಯ್ತು, ನಿಮ್ದು?" ಅನ್ನುತ್ತೀಯ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಮೊದಲು ಆ ಜಾಗದಲ್ಲಿ ನಿನ್ನ ಅಮ್ಮ ಮಾತಾಡುತ್ತಿದ್ದಳು. ನಾವಿಬ್ಬರೂ ಅವಳ ಮಾತಿನ ಆಚೆ ಈಚೆ ನಿಂತುಕೊಂಡೇ ಇಷ್ಟು ವರ್ಷ ಕಳೆದವರು. ಹೇಗೂ ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವವನು ನಾನು. ಅದನ್ನೇ ನಿನಗೆ ಬರೆದರಾಯಿತು.

ನಿನ್ನ ಅತ್ತೆ ಬಂದಿದ್ದಳು. ಬಂದವಳೇ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು. "ಅಣ್ಣಾ, ಇದನ್ನೆಲ್ಲ ಕಣ್ಮುಂದೆ ಇಟ್ಕೊಂಡು ಕೂತ್ರೆ ನೀನೂ ಹಾಸಿಗೆ ಹಿಡೀತೀಯ" ಅಂದಳು. ಅಮ್ಮನ ಬಟ್ಟೆಬರೆ, ಕನ್ನಡಕ, ಚಪ್ಪಲಿ, ನೀನು ಹೋಗುವ ಮೊದಲು ಆಫ್ ಮಾಡಿಟ್ಟಿದ್ದ ಆ ಹಳೆಯ ಫೋನು, ಎಲ್ಲವನ್ನೂ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದೆವು. ಮನೆ ಈಗ ಅಚ್ಚುಕಟ್ಟಾಗಿದೆ. ನನ್ನ ಬಗ್ಗೆ ಚಿಂತೆ ಬೇಡ.

ಬೈಂಡಿಂಗ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳ ಸುಗ್ಗಿ ಶುರುವಾಗಿದೆ. ಹುಡುಗರು ಬಂದು "ಅಂಕಲ್, ನಾಳೆ ಬೆಳಿಗ್ಗೆಯೇ ಬೇಕು" ಅಂತ ತಲೆ ತಿನ್ನುತ್ತಾರೆ. ನಾನು ರಟ್ಟು ಹಚ್ಚುವ ಮೊದಲು ಕೃತಜ್ಞತೆಯ ಪುಟ ಒಂದನ್ನು ಓದುತ್ತೇನೆ, ಮಿಕ್ಕದ್ದು ನನಗೆ ತಿಳಿಯುವುದಿಲ್ಲ. ಎಲ್ಲರೂ ಅಪ್ಪ ಅಮ್ಮನಿಗೆ ಕೊನೆಯಲ್ಲಿ ಒಂದು ಸಾಲು ಬರೆದಿರುತ್ತಾರೆ. ನಿನ್ನ ರಿಪೋರ್ಟಿಗೆ ಒಳ್ಳೆಯ ನೀಲಿ ಬಟ್ಟೆ ಎತ್ತಿಟ್ಟಿದ್ದೇನೆ. ಯಾರಿಗೂ ಕೊಟ್ಟಿಲ್ಲ.

ಅಪ್ಪ

*

ಫೆಬ್ರವರಿ ೧೭

ಅಪ್ಪಾ,

ಕಾಗದ ಸಿಕ್ಕಿತು. ಹಾಸ್ಟೆಲಿನಲ್ಲಿ ಯಾರಿಗೂ ಕಾಗದ ಬರುವುದಿಲ್ಲ. ವಾರ್ಡನ್ "ಕೋರ್ಟ್ ನೋಟೀಸಾ?" ಅಂತ ಕೇಳಿ ಕೊಟ್ಟರು.

ಪ್ರಾಜೆಕ್ಟ್ ಮತ್ತೆ ಕೈಗೆತ್ತಿಕೊಂಡೆವು. ಜನವರಿಯ ಎರಡನೆಯ ವಾರದಿಂದ ಸರ್ವರ್ ನಿಲ್ಲಿಸಿಬಿಟ್ಟಿದ್ದೆವು. ಈಗ ಗೈಡ್ ಮೇಡಂ ಕೊನೆಯ ಅಧ್ಯಾಯ ಬರೆಯಲು ಹೇಳಿದ್ದಾರೆ. ಹೇಗೆ ಯೋಜನೆ ಹಾಕಿದಿರಿ, ಹೇಗೆ ಕಟ್ಟಿದಿರಿ, ಎಲ್ಲಿ ಎಡವಿದಿರಿ, ಅದನ್ನು ಪ್ರಾಮಾಣಿಕವಾಗಿ ಬರೆಯಿರಿ ಎಂದಿದ್ದಾರೆ. ಹಾಗಾಗಿ ಎಲ್ಲ ನೆನಪು ಮಾಡಿಕೊಳ್ಳುತ್ತ ಕೂತಿದ್ದೇನೆ.

ನನ್ನ ಜೊತೆ ಪ್ರಾಜೆಕ್ಟ್ ಮಾಡುವ ಹುಡುಗ, ನಮ್ಮ ಗೂಬೆ, ಮನೆಗೆ ಬಂದಿದ್ದು ನೆನಪಿದೆಯಾ? ಅಮ್ಮನ ಮಂಚದ ಪಕ್ಕ ಕೂತೇ ನಾವಿಬ್ಬರೂ ಯೋಜನೆ ಹಾಕಿದ್ದು. ಹೊತ್ತಿಗೆ ಸರಿಯಾಗಿ ಫೋನು ಕೇಳಬೇಕು: ಮಾತ್ರೆ ತಗೊಂಡ್ರಾ? 'ತಗೊಂಡೆ' ಎಂಬ ಗುಂಡಿ ಒತ್ತಿದರೆ ನಮ್ಮ ಕಡೆ ಅವರ ಹೆಸರಿನ ಸಾಲಿನಲ್ಲಿ ಹಸಿರು ಗುರುತು ಬೀಳಬೇಕು. ಒತ್ತದಿದ್ದರೆ ಇನ್ನೆರಡು ಸಲ ಕೇಳಬೇಕು. ಆಗಲೂ ಒತ್ತದಿದ್ದರೆ ಕೆಂಪು, ಮತ್ತು ಮನೆಯವರಿಗೆ ಸುದ್ದಿ. ಗೂಬೆ ಯಾವುದೋ ಹೆಂಗಸಿನ ರೆಡಿಮೇಡ್ ದನಿ ಹಾಕಿದ್ದ. ಅಮ್ಮ ಮುಖ ಸಿಂಡರಿಸಿ, "ಇದ್ಯಾರೇ, ಬ್ಯಾಂಕಿನವಳ ಥರ? ನೀನೇ ಕೇಳು. ಇವಳು ಕೇಳಿದ್ರೆ ನಾನು ಮಾತ್ರೇನೂ ತಗೊಳಲ್ಲ, ಮಾತೂ ಆಡಲ್ಲ" ಅಂದಳು. ಅದಕ್ಕೇ ಮೂರೂ ಸಲದ್ದನ್ನು ನನ್ನ ದನಿಯಲ್ಲೇ ತುಂಬಿದೆವು.

ಅವಳೇ ನಮ್ಮ ಮೊದಲ ಬಳಕೆದಾರಳು. ಈಗ ಇನ್ನೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ.

ಮತ್ತೆ ಶುರು ಮಾಡಿದ ಮೇಲೆ ಒಂದು ಸಣ್ಣ ದೋಷ ಕಂಡಿದೆ. ಹುಡುಕುತ್ತಿದ್ದೇವೆ. ದೊಡ್ಡದೇನಲ್ಲ. ನೀವು ಸಾಮಾನೆಲ್ಲ ಎತ್ತಿಟ್ಟಿದ್ದು ಒಳ್ಳೆಯದಾಯಿತು. ನನಗಂತೂ ಆಗುತ್ತಿರಲಿಲ್ಲ.

ನಿಮ್ಮ ಬಿ.ಪಿ. ಮಾತ್ರೆ ಮರೆಯಬೇಡಿ.

ನಿಮ್ಮ ಮಗಳು

*

ಫೆಬ್ರವರಿ ೨೪
(ಇದನ್ನು ಕಳಿಸುವುದಿಲ್ಲ)

ಮರಿ,

ಟ್ರಂಕು ಅಟ್ಟ ಹತ್ತಿದ ಮಾರನೆಯ ದಿನವೇ ನಾನು ಸ್ಟೂಲು ಹಾಕಿಕೊಂಡು ಫೋನು ಇಳಿಸಿದೆ. ಅದರಲ್ಲಿ ಅವಳದೊಂದು ಫೋಟೋ ಇದೆ, ಕಿಟಕಿಯ ಪಕ್ಕ ಕೂತು ಗೂಬೆಯನ್ನು ಬೈಯುತ್ತಿರುವುದು. ಅದನ್ನು ನೋಡಬೇಕೆನಿಸಿತು. ಚಾರ್ಜಿಗೆ ಹಾಕಿ, ಆನ್ ಮಾಡಿ, ನೋಡಿ, ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು ಮರೆತೆ.

ಸಂಜೆ ಅಕ್ಕಿ ತೊಳೆಯುತ್ತಿದ್ದಾಗ ಕೋಣೆಯೊಳಗಿಂದ ನೀನು ಕೂಗಿದೆ. "ಅಮ್ಮಾ, ಮಾತ್ರೆ ತಗೊಂಡ್ಯಾ?"

ಒದ್ದೆ ಕೈಯಲ್ಲೇ ಓಡಿಹೋಗಿ ಒತ್ತಿದೆ. ಯೋಚನೆ ಮಾಡಿ ಒತ್ತಿದ್ದಲ್ಲ. "ತಡ ಮಾಡಿದ್ರೆ ಅವ್ಳಿಗೆ ಸುದ್ದಿ ಹೋಗತ್ತೆ, ಕ್ಲಾಸಲ್ಲಿ ಕೂತಿರ್ತಾಳೆ ಪಾಪ" ಅಂತ ನಿನ್ನ ಅಮ್ಮ ಯಾವಾಗಲೂ ಹೇಳುತ್ತಿದ್ದಳಲ್ಲ, ಅದೇ ಮಾತು ನನ್ನ ಕೈ ಒತ್ತಿಸಿತು. ನಾನು ಒತ್ತದಿದ್ದರೆ ಅಲ್ಲಿ ನಿನಗೆ ಸುದ್ದಿ ಬರುತ್ತದೆ: ಅಮ್ಮ ಮಾತ್ರೆ ತೆಗೆದುಕೊಂಡಿಲ್ಲ. ಅಂಥ ಸುದ್ದಿಯನ್ನು ನಿನಗೆ ಹೇಗೆ ಹೋಗಲು ಬಿಡಲಿ?

ಅಂದಿನಿಂದ ಬೆಳಿಗ್ಗೆ, ಸಂಜೆ ಒತ್ತುತ್ತಿದ್ದೇನೆ. ಈಗ ಅಂಗಡಿಯಿಂದ ಬರುವುದು ತಡವಾಗುತ್ತದೆಂದು ಊಟದ ಚೀಲದಲ್ಲಿ ಫೋನು ಹಾಕಿಕೊಂಡು ಹೋಗುತ್ತೇನೆ. ಮೊನ್ನೆ ಚೀಲದಿಂದ ನೀನು "ಅಮ್ಮಾ" ಅಂದಾಗ, ಗೋಂದು ಕಲಸುವವನು ಕೈ ನಿಲ್ಲಿಸಿ, "ಏನ್ ಯಜಮಾನ್ರೇ, ನೀವು ಅಮ್ಮ ಆಗಿದ್ದು ಯಾವಾಗ? ನಮಗ್ಯಾರಿಗೂ ಹೇಳ್ಲೇ ಇಲ್ಲ" ಅಂದ. ನಾನೂ ನಕ್ಕೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ರಟ್ಟಿನ ಕಟ್ಟಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ. ದಿನಕ್ಕೆರಡು ಸಲ ಮನೆಯಲ್ಲಿ ಯಾರೋ ಅವಳನ್ನು ಕರೆಯುತ್ತಾರೆ.

ಇದನ್ನು ನಿನಗೆ ಕಳಿಸಿದರೆ ಅಪ್ಪನ ತಲೆ ಕೆಟ್ಟಿದೆ ಎಂದು ಪರೀಕ್ಷೆ ಬಿಟ್ಟು ಓಡಿಬರುತ್ತೀಯ.

*

ಫೆಬ್ರವರಿ ೨೫

ಮರಿ,

ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಂಗಡಿಯಲ್ಲಿ ಕೆಲಸ ಜಾಸ್ತಿ. ಬೇರೆ ವಿಶೇಷವಿಲ್ಲ.

ನಿನ್ನ ಸಣ್ಣ ದೋಷ ಸಿಕ್ಕಿತಾ? ನಮ್ಮಲ್ಲಿ ಪುಟ ಹಿಂದುಮುಂದಾದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತೇವೆ. ನಿಮ್ಮಲ್ಲಿ ಹೇಗೋ. ಊಟ ಬಿಟ್ಟು ಹುಡುಕುತ್ತ ಕೂರಬೇಡ.

ಅಪ್ಪ

*

ಮಾರ್ಚ್ ೮

ಅಪ್ಪಾ,

ದೋಷ ಸಿಕ್ಕಿಲ್ಲ. ಯೋಜನೆಯ ಹಾಳೆಗಳನ್ನೆಲ್ಲ ಲ್ಯಾಬಿನ ಗೋಡೆಗೆ ಅಂಟಿಸಿ ಮೊದಲಿನಿಂದ ಓದುತ್ತಿದ್ದೇವೆ. ಎಷ್ಟು ಧೈರ್ಯವಾಗಿ ಬರೆದಿದ್ದೇವೆ ಅನಿಸುತ್ತದೆ. ಬಾಣದ ಗುರುತು, ಚೌಕ, ಮತ್ತೆ ಬಾಣ. ಮನುಷ್ಯರು ಹಾಗೆ ಚೌಕದಿಂದ ಚೌಕಕ್ಕೆ ನಡೆಯುತ್ತಾರೆ ಎಂದು ನಮಗೆ ಯಾರು ಹೇಳಿದ್ದರೋ.

ಅದರಲ್ಲಿ ನನ್ನ ಕೈಬರಹದ ಒಂದು ಸಾಲಿದೆ. ಫೋನಿಗೆ ನೆಟ್ ಸಿಗದಿದ್ದಾಗ ಸುಮ್ಮನೆ ಗಾಬರಿ ಮಾಡುವುದು ಬೇಡ, ಹಿಂದಿನ ಉತ್ತರವನ್ನೇ ನಂಬೋಣ, ಎಂದು. ಅವತ್ತು ಗೂಬೆ ಬೇಡ ಅಂದಿದ್ದ. ನಾನೇ ಹಟ ಹಿಡಿದಿದ್ದೆ. ಸುಮ್ಮಸುಮ್ಮನೆ ಸುದ್ದಿ ಬಂದರೆ ಓದಲು ಆಗುವುದಿಲ್ಲ ಅಂದಿದ್ದೆ.

ನೀಲಿ ಬಟ್ಟೆ ಕಾಯ್ದಿರಿಸಬೇಡಿ. ಬೇಕಾದವರಿಗೆ ಕೊಟ್ಟುಬಿಡಿ. ಈ ವರ್ಷ ನಾನು ರಿಪೋರ್ಟ್ ಕೊಡುತ್ತೇನೋ ಇಲ್ಲವೋ.

ನಿಮ್ಮ ಮಗಳು

*

ಮಾರ್ಚ್ ೧೪

ಮರಿ,

ನಿನ್ನ ಕಾಗದವನ್ನು ಎರಡು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಗೂಬೆ ಏನಾದರೂ ಅಂದನಾ? ಅವನು ಒಳ್ಳೆಯ ಹುಡುಗ, ಆದರೆ ಕಣ್ಣು ಮಿಟುಕಿಸದೆ ಮಾತಾಡುತ್ತಾನೆ, ಕೇಳುವವರಿಗೆ ಬೈದ ಹಾಗಿರುತ್ತದೆ. ಅಮ್ಮನೇ ಅಲ್ಲವಾ ಆ ಹೆಸರಿಟ್ಟಿದ್ದು. ಜಗಳವಾಗಿದ್ದರೆ ನೀನೇ ಮೊದಲು ಮಾತಾಡಿಸು.

ಕೆಲಸ ಕೈ ಹತ್ತದ ದಿನಗಳು ಎಲ್ಲರಿಗೂ ಬರುತ್ತವೆ. ನನಗೂ ಈಗ ಮಡಚಿದ ಹಾಳೆ ಮಡಚಿದ ಹಾಗೆ ನಿಲ್ಲುವುದಿಲ್ಲ. ಬೆರಳಿಗೆ ಬೇಸರ ಬಂದಿದೆ.

ಒಂದು ಮಾತು ಹೇಳುತ್ತೇನೆ, ಧೈರ್ಯ ತಂದುಕೊ. ನಿನ್ನ ಅಮ್ಮ ನೀನು ಮಾಡಿದ್ದನ್ನು ಪೂರ್ತಿ ನಂಬಿದ್ದಳು. ನಾನೂ ನಂಬಿದ್ದೆ. ಆ ಕೊನೆಯ ವಾರ ನಿನ್ನನ್ನು ಕರೆಸಲಾ ಅಂತ ಕೇಳಿದ್ದಕ್ಕೆ, "ಬೇಡ ರೀ, ಅವ್ಳಿಗೆ ಎಲ್ಲ ಅಲ್ಲೇ ಕಾಣತ್ತೆ. ಏನಾದ್ರೂ ಆದ್ರೆ ಅವ್ಳಿಗೇ ಮೊದ್ಲು ಗೊತ್ತಾಗೋದು" ಅಂದಳು. ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತಾ. ಅದನ್ನು ನೆನೆಸಿಕೊಂಡು ಕೆಲಸ ಮುಗಿಸು.

ಅಪ್ಪ

*

ಮಾರ್ಚ್ ೨೦

ಅಪ್ಪಾ,

ಇನ್ನು ಮುಚ್ಚಿಡಲು ನನ್ನ ಕೈಲಾಗುವುದಿಲ್ಲ. ನಿಮ್ಮ ಹಿಂದಿನ ಕಾಗದವನ್ನು "ಅವ್ಳಿಗೇ ಮೊದ್ಲು ಗೊತ್ತಾಗೋದು" ಎಂಬಲ್ಲಿಂದ ಮುಂದೆ ಓದಲೇ ಇಲ್ಲ.

ದೋಷ ಸಣ್ಣದಲ್ಲ. ಫೆಬ್ರವರಿಯಲ್ಲಿ ಸರ್ವರ್ ಶುರು ಮಾಡಿ ನೋಡಿದರೆ ಅಮ್ಮನ ಸಾಲು ಹಸಿರಾಗಿತ್ತು. ಅವಳ ಹೆಸರು ತೆಗೆಯಬೇಕಾಗಿತ್ತು, ತೆಗೆಯುವ ಗುಂಡಿಯ ಮೇಲೆ ಬೆರಳಿಟ್ಟು ಪ್ರತಿ ಸಲ ವಾಪಸು ತೆಗೆದಿದ್ದೆ. ಆ ಹೆಸರಿನ ಮುಂದೆ ದಿನಾ ಬೆಳಿಗ್ಗೆ, ಸಂಜೆ ಬರೆಯುತ್ತಿದೆ: ತಗೊಂಡೆ, ತಗೊಂಡೆ, ತಗೊಂಡೆ.

ಫೋನನ್ನು ನಾನೇ ಆಫ್ ಮಾಡಿದ್ದೆ. ನೀವು ಅದನ್ನು ಟ್ರಂಕಿಗೆ ಹಾಕಿದ್ದೀರಿ. ಅಂದಮೇಲೆ ಯಾರೂ ಒತ್ತದಿದ್ದರೂ ನಮ್ಮ ಪ್ರೋಗ್ರಾಮು ತಾನೇ ಹಸಿರು ಹಾಕಿಕೊಳ್ಳುತ್ತಿದೆ, ನಾನು ಹಟ ಹಿಡಿದ ಆ ಹಿಂದಿನ ಉತ್ತರ ನಂಬುವ ಸಾಲಿನಿಂದಲೇ ಇರಬೇಕು. ಈಗ ಹಾಕುವುದಾದರೆ ಆಗಲೂ ಹಾಕಿರಬೇಕಲ್ಲವಾ? ಡಿಸೆಂಬರಿನಲ್ಲಿ, ಜನವರಿಯ ಮೊದಲ ವಾರದಲ್ಲಿ, ನಾನು ಇಲ್ಲಿ ಕೂತು ಹಸಿರು ನೋಡಿ ನೋಡಿ ಪರೀಕ್ಷೆಗೆ ಓದಿದೆ. ಅಮ್ಮ ಎಷ್ಟು ದಿನ ಮಾತ್ರೆ ಮರೆತಿದ್ದಳೋ, ಎಷ್ಟು ದಿನ ಏಳಲಾರದೆ ಮಲಗಿದ್ದಳೋ. ನನಗೆ ಮಾತ್ರ ಎಲ್ಲ ಸರಿ ಇದೆ ಎಂದು ನಾನೇ ಮಾಡಿದ ಯಂತ್ರ ಹೇಳುತ್ತಿತ್ತು. ಅವಳು ನನ್ನನ್ನು ಕರೆಸಬೇಡಿ ಅಂದದ್ದೂ ಅದನ್ನೇ ನಂಬಿ.

"ಒಂದ್ಸಲ ನಿಮ್ಮಪ್ಪನ್ನ ಕೇಳೇ" ಅಂತ ಗೂಬೆ ಹೇಳುತ್ತಲೇ ಇದ್ದಾನೆ. ಏನಂತ ಕೇಳಲಿ? ಅಟ್ಟ ಹತ್ತಿ ಅಮ್ಮನ ಸಾಮಾನು ಬಿಚ್ಚಿ ನೋಡಿ ಅಂತಲಾ? ನೀವು ಹೇಗೋ ಒಂದು ಹದಕ್ಕೆ ಬಂದಿದ್ದೀರಿ.

ಮೇಡಂಗೆ ಹೇಳಿದ್ದೇನೆ. ಉಳಿದ ಮನೆಗಳಲ್ಲೂ ಇದನ್ನು ನಿಲ್ಲಿಸುತ್ತೇನೆ. ಈ ತಿಂಗಳ ಕೊನೆಗೆ ಕಾಲೇಜು ಬಿಡುವ ಅರ್ಜಿ ಕೊಡುತ್ತೇನೆ. ಮನೆಗೆ ಬರುತ್ತೇನೆ. ಬೈಯಬೇಡಿ. ಬೈದರೂ ಪರವಾಗಿಲ್ಲ.

*

ಮಾರ್ಚ್ ೨೪

ಮರಿ,

ನಿನ್ನೆ ಫೋನಿನಲ್ಲಿ "ಊಟ ಆಯ್ತಾ" ಅಂದು, "ಒತ್ತಿದ್ದು ನಾನು" ಅಂದು, ಇಟ್ಟುಬಿಟ್ಟೆ. ಉಳಿದದ್ದನ್ನು ಬರೆಯುತ್ತೇನೆ.

ಫೋನು ಟ್ರಂಕಿನಲ್ಲಿ ಇದ್ದದ್ದು ಒಂದೇ ರಾತ್ರಿ. ಇಳಿಸಿದವನೂ ನಾನೇ, ಚಾರ್ಜ್ ಹಾಕುತ್ತಿರುವವನೂ ನಾನೇ. ಅದು ಅಮ್ಮಾ ಅಂದಾಗಲೆಲ್ಲ ಒತ್ತುತ್ತಿದ್ದೇನೆ, ನಿನಗೆ ಸುದ್ದಿ ಹೋಗಬಾರದು ಎಂದು. ಆ ಗುರುತು ನಿನ್ನ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ತಲೆಗೇ ಹೋಗಲಿಲ್ಲ. ಕೆಂಪು ಹೋದರೆ ನೀನು ನೋಯುತ್ತೀಯ ಎಂದಷ್ಟೇ ಲೆಕ್ಕ ಹಾಕಿದ್ದೆ. ಹಸಿರು ಹೋಗಿ ನಿನ್ನನ್ನು ಇಷ್ಟು ದಿನ ಸುಟ್ಟಿದೆ.

ಅಮ್ಮನ ಮಾತ್ರೆಯ ವಿಷಯ. ನಾನು ಕಂಡಷ್ಟನ್ನು ಹೇಳುತ್ತೇನೆ, ಕಾಣದ್ದನ್ನು ಹೇಳುವುದಿಲ್ಲ. ಆ ದಿನಗಳಲ್ಲಿ ಫೋನಿನ ನೆಟ್ ಒಮ್ಮೆಯೂ ಹೋಗಿರಲಿಲ್ಲ. ಬೆಳಗಿನದನ್ನು ನಾನೇ ಕೈಗೆ ಕೊಟ್ಟು ನೀರು ಹಿಡಿದು ನಿಲ್ಲುತ್ತಿದ್ದೆ. ಅವಳು ಮೊದಲು ಗುಂಡಿ ಒತ್ತುತ್ತಿದ್ದಳು, ಆಮೇಲೆ ಮಾತ್ರೆ ನುಂಗುತ್ತಿದ್ದಳು. "ಮೊದ್ಲು ಅವ್ಳಿಗೆ ಸಮಾಧಾನ ಆಗ್ಲಿ" ಅನ್ನುತ್ತಿದ್ದಳು. ಸಂಜೆಯದನ್ನು ಕೆಲವು ದಿನ ನೋಡಿಲ್ಲ, ಅಂಗಡಿಯಲ್ಲಿ ಇರುತ್ತಿದ್ದೆ. ಮನೆಗೆ ಬಂದಾಗ ಖಾಲಿ ಲೋಟ ಮೇಜಿನ ಮೇಲೆ ಇರುತ್ತಿತ್ತು. ಅದನ್ನು ತೊಳೆದಿಡುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೀಯ. ಹೃದಯ ದಣಿದಿದೆ, ಮಾತ್ರೆ ಅದನ್ನು ಕೈ ಹಿಡಿದು ಸ್ವಲ್ಪ ದೂರ ನಡೆಸುತ್ತದೆ ಅಷ್ಟೇ ಅಂದಿದ್ದರು. ಆ ಸ್ವಲ್ಪ ದೂರ ಮುಗಿಯಿತು.

ಅರ್ಜಿ ಕೊಡಬೇಡ. ಕೊಟ್ಟಿದ್ದರೆ ವಾಪಸು ತೆಗೆದುಕೊ. ಈ ಒಂದು ಮಾತು ಕೇಳು.

ಅಪ್ಪ

*

ಮಾರ್ಚ್ ೨೯

ಅಪ್ಪಾ,

ನಿಮ್ಮ ಫೋನು ಬಂದಾಗ ಲ್ಯಾಬಿನಲ್ಲಿದ್ದೆ. ಗೂಬೆಗೆ ಹೇಳಿದೆ. ಅವನು ಕಣ್ಣು ಮಿಟುಕಿಸದೆ, "ನಾವು ಆ ಕೋಡನ್ನ ಮೂರು ಸಲ ಬಿಚ್ಚಿ ಹೊಲಿದಿದ್ದೀವಿ. ನಿಮ್ಮಪ್ಪ ಒಂದ್ಸಲ ಬಾಯಿ ಬಿಟ್ಟಿದ್ರೆ ಸಾಕಿತ್ತು" ಅಂದ. ಆಮೇಲೆ ಅವನೇ ಮುಖ ತೊಳೆಯಲು ಹೊರಗೆ ಹೋದ, ತುಂಬ ಹೊತ್ತು ಬರಲಿಲ್ಲ.

ನೀವು ಬರೆದದ್ದನ್ನು ನಂಬುತ್ತೇನೆ. ಆದರೆ ಅಪ್ಪಾ, ನನ್ನ ತಲೆಗೆ ಗೊತ್ತಾಗಿರುವುದು ಕೈಗೆ ಗೊತ್ತಾಗಿಲ್ಲ. ಇನ್ನೂ ಬೆಳಿಗ್ಗೆ ಎದ್ದು ಅಮ್ಮನ ಸಾಲು ತೆರೆಯುತ್ತೇನೆ, ಹಸಿರು ಕಂಡಾಗ ಮುಚ್ಚಿ ಮತ್ತೆ ತೆರೆದು ನೋಡುತ್ತೇನೆ. ಯಾರೂ ಒತ್ತದಿದ್ದಾಗ ಇದು ನಿಜವಾಗಿಯೂ ಕೆಂಪು ಹಾಕುತ್ತದಾ? ಬೇರೆ ಫೋನಿನಲ್ಲಿ ಪರೀಕ್ಷೆ ಮಾಡಿದ್ದೇವೆ, ಹಾಕುತ್ತದೆ. ಆದರೆ ಅದು ಆ ಫೋನಲ್ಲ, ಆ ಸಾಲಲ್ಲ.

ಆದ್ದರಿಂದ ನಿಮ್ಮನ್ನು ಒಂದು ಕೇಳುತ್ತೇನೆ. ಇದನ್ನು ನಿಮ್ಮ ಕೈಯಲ್ಲಿ ಮಾಡಿಸುವುದು ನನಗೆ ಇಷ್ಟವಿಲ್ಲ. ಏಪ್ರಿಲ್ ಮೂರರ ಸಂಜೆ ಫೋನು ಕೇಳಿದಾಗ ಒತ್ತಬೇಡಿ. ಅದು ಕೇಳಿ ಮುಗಿಸುವವರೆಗೂ ಹಾಗೇ ಬಿಟ್ಟುಬಿಡಿ. ನಾನು ಇಲ್ಲಿ ನೋಡುತ್ತ ಕೂತಿರುತ್ತೇನೆ. ಅರ್ಜಿಯನ್ನು ಅಲ್ಲಿಯವರೆಗೆ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ.

ಕೊನೆಯ ಅಧ್ಯಾಯ ಅರ್ಧ ಬರೆದಿದ್ದೇನೆ. ಮರೆತರೆ ಏನು, ತಡವಾದರೆ ಏನು, ನೆಟ್ ಹೋದರೆ ಏನು, ಚಾರ್ಜ್ ಮುಗಿದರೆ ಏನು, ಎಲ್ಲಕ್ಕೂ ನಮ್ಮ ಯೋಜನೆಯಲ್ಲಿ ಒಂದೊಂದು ಚೌಕವಿದೆ. ಮಾತ್ರೆ ತೆಗೆದುಕೊಳ್ಳುವವರೇ ಇಲ್ಲವಾದರೆ ಏನು ಎಂಬುದಕ್ಕೆ ಮಾತ್ರ ಇಲ್ಲ. ಅಮ್ಮನ ಮಂಚದ ಪಕ್ಕ ಕೂತೇ ಯೋಜನೆ ಹಾಕಿದೆವು, ಅದೊಂದನ್ನು ಬರೆಯಲು ಯಾರಿಗೂ ಪೆನ್ನು ಏಳಲಿಲ್ಲ. ಏಳದಿದ್ದುದಕ್ಕೆ ನನಗೆ ಈಗ ಬೇಸರವೂ ಇಲ್ಲ.

ನಿಮ್ಮ ಮಗಳು

*

ಏಪ್ರಿಲ್ ೩

ಮರಿ,

ಇವತ್ತು ಅಂಗಡಿಯಿಂದ ಬೇಗ ಬಂದೆ. ಗೋಂದಿನವನು "ಏನ್ ಯಜಮಾನ್ರೇ, ಮಗಳು ಬರ್ತಾಳಾ?" ಅಂತ ಕೇಳಿದ. ಹೌದು ಅಂದೆ. ಯಾಕೆ ಹಾಗಂದೆನೋ.

ಮಂಚದ ಮೇಲೆ ಕೂತು ಫೋನನ್ನು ಮೇಜಿನ ಮೇಲೆ ಅವಳು ಇಡುತ್ತಿದ್ದ ಕಡೆಯೇ ಇಟ್ಟೆ. ಕೈ ತಾನಾಗಿ ಹೋಗಬಾರದೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ. ನೋಡಿದವರು ನಗುತ್ತಿದ್ದರು.

"ಅಮ್ಮಾ, ಮಾತ್ರೆ ತಗೊಂಡ್ಯಾ?"

ಒತ್ತಲಿಲ್ಲ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

"ಅಮ್ಮಾ, ಮರೆತ್ಯಾ?"

ಇದನ್ನು ಒಂದೆರಡು ಸಲ ಕೇಳಿದ್ದೆ, ಅವಳು ಬಚ್ಚಲಲ್ಲಿದ್ದಾಗ. ಆಗ ಅಲ್ಲಿಂದಲೇ "ಬಂದೆ ಕಣೇ, ಬಂದೆ" ಅಂತ ಕೂಗುತ್ತಿದ್ದಳು, ಫೋನಿಗೆ ಕೇಳಿಸುತ್ತದೇನೋ ಅನ್ನುವ ಹಾಗೆ.

ಮೂರನೆಯದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಅಲ್ಲಿಯವರೆಗೆ ಬಿಟ್ಟವಳೇ ಅಲ್ಲ. ನೀನು ಏನು ತುಂಬಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ನೀನೂ ಹೇಳಲಿಲ್ಲ.

"ಅಮ್ಮಾ, ಎಲ್ಲಿದ್ದೀಯ?"

ಮರಿ, ನಾನು ಒತ್ತಲಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ. "ಇಲ್ಲ ಮರೀ" ಅಂದೆ. ಜೋರಾಗಿಯೇ ಅಂದೆ. ಅವಳು ಹೋದ ಮೇಲೆ ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಂದವರೆಲ್ಲ ಅವರವರೇ ತಿಳಿದುಕೊಂಡು ಬಂದಿದ್ದರು.

ಆಮೇಲೆ ಅದು ಕೇಳಲಿಲ್ಲ. ಕತ್ತಲಾದ ಮೇಲೆ ಎದ್ದು ದೀಪ ಹಾಕಿ, ನನ್ನ ಬಿ.ಪಿ. ಮಾತ್ರೆ ನುಂಗಿದೆ. ಫೆಬ್ರವರಿಯಿಂದ ಅದನ್ನು ಮುಟ್ಟಿರಲಿಲ್ಲ, ನಿನಗೆ ಸುಳ್ಳು ಬರೆದಿದ್ದೆ. ಕೆಂಪಿನ ಸುದ್ದಿ ನಿನಗೆ ಇಷ್ಟು ಹೊತ್ತಿಗೆ ಬಂದಿರಬೇಕು.

ಅಪ್ಪ

*

ಏಪ್ರಿಲ್ ೩

ಅಪ್ಪಾ,

ಬಂತು. ಕೆಂಪು ಬಿತ್ತು. ಅಮ್ಮನ ಸಾಲಿನಲ್ಲಿ ಇದೇ ಮೊದಲನೆಯದು.

ಗೂಬೆ ಪಕ್ಕದಲ್ಲಿದ್ದ. ನಾನು ಡಿಸೆಂಬರಿನವರೆಗೂ ಹಿಂದೆ ಹೋಗಿ ಒಂದೊಂದೇ ಹಸಿರನ್ನು ನೋಡಿದೆ. ಜನವರಿಯ ಮೊದಲ ವಾರದವರೆಗಿನ ಅಷ್ಟೂ ಸಲ ಅವಳು ಕೈ ಚಾಚಿ ಒತ್ತಿದ್ದಳು. ಅದರಾಚೆ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಇಷ್ಟು ಸಾಕು ಎಂದು ಎದ್ದೆ.

ಪ್ರೋಗ್ರಾಮಿಗೆ ಒಂದು ಗುಂಡಿ ಸೇರಿಸುತ್ತಿದ್ದೇವೆ, ಮನೆಯವರಿಗಾಗಿ. 'ಇನ್ನು ಕೇಳುವುದು ಬೇಡ' ಎಂದು. ನಿಮ್ಮ ಬಳಿ ಇರುವ ಅಮ್ಮನ ಫೋನಿಗೂ ಅದು ಬರುತ್ತದೆ. ನಾನು ಇಲ್ಲಿಂದ ನಿಲ್ಲಿಸುವುದಿಲ್ಲ. ನಿಮಗೆ ಯಾವಾಗ ಸಾಕು ಅನಿಸುತ್ತದೋ ಆಗ ಒತ್ತಿ. ಅಲ್ಲಿಯವರೆಗೆ ಹಸಿರು ಬಂದರೆ, ಅಪ್ಪ ಮನೆಯಲ್ಲಿದ್ದಾರೆ ಎಂದುಕೊಳ್ಳುತ್ತೇನೆ.

ಅರ್ಜಿ ಹರಿದೆ. ರಿಪೋರ್ಟ್ ಮುಂದಿನ ವಾರ ಕಳಿಸುತ್ತೇನೆ. ಕೃತಜ್ಞತೆಯ ಪುಟ ಇನ್ನೂ ಖಾಲಿ ಇದೆ, ಅದೊಂದನ್ನು ಬರೆಯಲು ಬರುತ್ತಿಲ್ಲ. ನೀಲಿ ಬಟ್ಟೆಯನ್ನು ಯಾರಿಗಾದರೂ ಕೊಟ್ಟುಬಿಟ್ಟಿರಾ?